ಶೇಖರಮ್ಮನ ಕಾಗದ ಒಡೆದವರು

ಸಾಲಗುಂದದ ಶೇಖರಮ್ಮ ವಾರಕ್ಕೊಮ್ಮೆ ಪತ್ರಿಕೆಗೆ ಸುದ್ದಿ ಬರೆಯುತ್ತಾಳೆಂಬುದು ಊರಿಗೆಲ್ಲ ಗೊತ್ತಿತ್ತು. ಅವಳು ಅದನ್ನು ಮುಚ್ಚಿಟ್ಟೂ ಇರಲಿಲ್ಲ. ಸೋಮವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ಪಡಸಾಲೆಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ಮಣೆ ಇಟ್ಟುಕೊಂಡು ಬರೆಯಲು ಕೂತರೆ, ಓಣಿಯಲ್ಲಿ ಹೋಗುವವರು ನಿಂತು, ಈ ವಾರ ಯಾರ ಪಾಳಿ ಎಂದು ಕೇಳಿ ಮುಂದೆ ಹೋಗುತ್ತಿದ್ದರು.

ಅವಳ ತವರು ಮಸ್ಕಿ. ಅವಳು ಚಿಕ್ಕವಳಿದ್ದಾಗ ಇನ್ನೂ ನಿಜಾಮರ ಕಾಲ, ಶಾಲೆಯ ಪಾಠವೆಲ್ಲ ಉರ್ದುವಿನಲ್ಲಿ. ಅವಳ ತಂದೆ ತಮ್ಮ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾಸ್ತರರೊಬ್ಬರನ್ನು ಕೂರಿಸಿ, ಶೇಖರಮ್ಮನಿಗೂ ಅವಳ ತಂಗಿ ಜಂಬಮ್ಮನಿಗೂ ಕನ್ನಡ ಕಲಿಸಿದ್ದರು. ಜಂಬಮ್ಮ ಮಸ್ಕಿಯಲ್ಲೇ ಮದುವೆಯಾಗಿ ಉಳಿದಳು. ಶೇಖರಮ್ಮನನ್ನು ಸಾಲಗುಂದದ ಆದೆಪ್ಪನಿಗೆ ಕೊಟ್ಟರು. ಆದೆಪ್ಪನಿಗೆ ಹೊಲವೂ ಇತ್ತು, ಕಾಳಿನ ಅಂಗಡಿಯೂ ಇತ್ತು. ಹೆಂಡತಿಯ ಬರವಣಿಗೆಯ ಬಗ್ಗೆ ಅವನಿಗೆ ಹೆಮ್ಮೆ. ಆದರೆ ಅವಳು ಬರೆದದ್ದಕ್ಕೆ ಯಾರಾದರೂ ಸಿಟ್ಟಾದರೆ, ಅವರು ಬಂದು ಬೈಯುವುದು ತನ್ನ ಅಂಗಡಿಯ ಮುಂದೆ ನಿಂತು ಎಂಬುದೊಂದೇ ಅವನ ತಕರಾರು.

ಪತ್ರಿಕೆ ಬರುತ್ತಿದ್ದುದು ಲಿಂಗಸೂಗೂರಿನಿಂದ. ಅಲ್ಲಿ ಅಮರಗುಂಡಪ್ಪ ಎಂಬವನು ಕಾಲಿನಿಂದ ತುಳಿಯುವ ಹಳೆಯದೊಂದು ಮುದ್ರಣ ಯಂತ್ರ ಇಟ್ಟುಕೊಂಡಿದ್ದ. ವಾರದಲ್ಲಿ ಐದು ದಿನ ಲಗ್ನಪತ್ರಿಕೆ, ಕರಪತ್ರ ಅಚ್ಚು ಹಾಕಿ, ಉಳಿದ ಎರಡು ದಿನ ನಾಲ್ಕು ಪುಟದ ವಾರಪತ್ರಿಕೆ ಮಾಡುತ್ತಿದ್ದ. ಅದರ ಹೆಸರು ‘ಎಡದಂಡೆ’. ತುಂಗಭದ್ರೆಯ ಎಡದಂಡೆ ಕಾಲುವೆ ಇನ್ನೇನು ತಮ್ಮ ಸೀಮೆಗೂ ನೀರು ತರುತ್ತದೆಂಬ ಹಿಗ್ಗಿನಲ್ಲಿ ಅವನು ಆ ಹೆಸರಿಟ್ಟಿದ್ದ. ಸರ್ಕಾರದ ಕೆಲವರು ಮಾತ್ರ ‘ಎಡ’ ಎಂಬ ಎರಡಕ್ಷರವನ್ನಷ್ಟೇ ಓದಿ, ಇವನು ಕಮ್ಯುನಿಸ್ಟನೇ ಸರಿ ಎಂದು ತೀರ್ಮಾನಿಸಿದ್ದರು. ಅಮರಗುಂಡಪ್ಪ ದಿನಕ್ಕೆ ಎರಡು ಸಲ ಇಷ್ಟಲಿಂಗ ಪೂಜೆ ಮಾಡಿ ವಿಭೂತಿ ಹಚ್ಚುವ ಮನುಷ್ಯ.

ಸಾಲಗುಂದದಿಂದ ಎರಡು ಮೈಲಿ ಆಚೆ ಕಾಲುವೆ ಅಗೆಯುವವರ ಹದಿನೆಂಟನೇ ಮೈಲಿ ಕ್ಯಾಂಪು ಇತ್ತು. ಸುತ್ತಲಿನ ಹಳ್ಳಿಗಳಿಗೆ ಅಂಚೆ ಬರುತ್ತಿದ್ದುದೂ ಹೋಗುತ್ತಿದ್ದುದೂ ಆ ಕ್ಯಾಂಪಿನ ಮೂಲಕವೇ. ಅಂಚೆಯ ಕೆಲಸವನ್ನು ಕ್ಯಾಂಪಿನ ಗುಮಾಸ್ತ ವಿಠೋಬರಾಯ ನೋಡಿಕೊಳ್ಳುತ್ತಿದ್ದ. ಅವನ ಮೇಲೆ ಕ್ಯಾಂಪಿನ ವಿಶೇಷಾಧಿಕಾರಿ. ಅವರನ್ನು ಎಲ್ಲರೂ ಸ್ಪೆಷಲ್ ಸಾಹೇಬರೆಂದೇ ಕರೆಯುತ್ತಿದ್ದರು.

೧೯೫೪ರ ಸಂಕ್ರಾಂತಿ ಕಳೆದ ಮರುವಾರ, ಕ್ಯಾಂಪಿನಲ್ಲಿ ಅಳತೆಯ ಸರಪಳಿ ಹಿಡಿಯುವ ಗಿಡ್ಡಪ್ಪ ಜೋಳ ಕೊಳ್ಳುವ ನೆಪದಲ್ಲಿ ಆದೆಪ್ಪನ ಅಂಗಡಿಗೆ ಬಂದು, ಮೆಲ್ಲಗೆ ಹಿತ್ತಿಲಿಗೆ ಹೋಗಿ ಶೇಖರಮ್ಮನಿಗೆ ಹೇಳಿದ:

“ಅಮ್ಮಾರ, ನಾವು ನೆಟ್ಟ ಕಲ್ಲು ನಡಕೊಂತ ಹೋಗ್ಯಾವ್ರಿ.”

ವಿಷಯ ಇಷ್ಟು. ಹೊಲಗಳಿಗೆ ನೀರು ಒಯ್ಯುವ ಉಪಕಾಲುವೆಯ ಗುರುತಿನ ಕಲ್ಲುಗಳನ್ನು ಒಬ್ಬ ದೊಡ್ಡ ಜಮೀನುದಾರನ ಲಿಂಬೆ ತೋಟದ ನಡುವೆ ನೆಟ್ಟಿದ್ದರು. ಮರುದಿನ ನೋಡಿದರೆ ಕಲ್ಲುಗಳು ತೋಟವನ್ನು ಸುತ್ತಿಕೊಂಡು ಮೂವರು ಬಡವರ ಹೊಲದಲ್ಲಿ ನಿಂತಿದ್ದವು. ಶೇಖರಮ್ಮ ಗಿಡ್ಡಪ್ಪನ ಮಾತನ್ನು ಹಾಗೆಯೇ ಬರೆಯಲಿಲ್ಲ. ತಾನೇ ಹೋಗಿ, ಹಳೆಯ ಕುಣಿಗಳಲ್ಲಿ ಇನ್ನೂ ಹಸಿಯಾಗಿದ್ದ ಮಣ್ಣು ನೋಡಿ, ಹೆಜ್ಜೆಯಿಂದ ಅಳೆದು, ಹೊಲದವರನ್ನು ಮಾತಾಡಿಸಿ ಬರೆದಳು. ‘ಎಡದಂಡೆ’ಯ ಮೊದಲ ಪುಟದಲ್ಲಿ ಅದು ಬಂತು. ಎರಡೇ ವಾರದಲ್ಲಿ ಮೇಲಿನಿಂದ ಇಬ್ಬರು ಇಂಜಿನಿಯರರು ಬಂದು ನೋಡಿದರು. ಕಲ್ಲುಗಳು ಮತ್ತೆ ಲಿಂಬೆ ತೋಟಕ್ಕೆ ಹೋದವು.

ಸ್ಪೆಷಲ್ ಸಾಹೇಬರು ಸಿಟ್ಟಾದರು. ಬರೆದವಳು ಯಾರೆಂದು ಅವರಿಗೆ ಗೊತ್ತಿತ್ತು. ಅವಳಿಗೆ ಹೇಳಿದವನು ಯಾರೆಂಬುದು ಬೇಕಾಗಿತ್ತು. ಓವರ್‌ಸಿಯರನನ್ನು ಕೇಳಿದರು, ನಕಾಶೆ ಬರೆಯುವವನನ್ನು ಕೇಳಿದರು. ಸರಪಳಿ ಹಿಡಿಯುವ ಗಿಡ್ಡಪ್ಪನಿಗೆ ಓದು ಬರುವುದಿಲ್ಲವೆಂದು ಅವನನ್ನು ಕೇಳಲೇ ಇಲ್ಲ.

ಇದಾಗಿ ತಿಂಗಳೊಪ್ಪತ್ತಿನಲ್ಲಿ ಒಂದು ಸಂಜೆ ಆದೆಪ್ಪ ಮುಖ ಗಂಟು ಹಾಕಿಕೊಂಡು ಮನೆಗೆ ಬಂದ. ಊಟಕ್ಕೆ ಬಡಿಸಿದರೆ ತಾಟು ಹಿಂದಕ್ಕೆ ಸರಿಸಿದ. ಬಹಳ ಹೊತ್ತು ಕಾಡಿಸಿ ಕೊನೆಗೆ ವಿಷಯ ಹೇಳಿದ. ಗುಮಾಸ್ತ ವಿಠೋಬರಾಯ ಅಂಗಡಿಗೆ ಬಂದು, ಅಕ್ಕಪಕ್ಕದವರೆಲ್ಲ ಕೂತಿರುವಾಗ, ಹಲ್ಲು ಕೀಳಿಸಿಕೊಳ್ಳಲು ಏನೂ ನೋವಾಗುವುದಿಲ್ಲ, ಸುಮ್ಮನೆ ಹೆದರಿ ಡಾಕ್ಟರ ಬಾಗಿಲಿನಿಂದ ವಾಪಸ್ ಬರಬೇಡಿ ಎಂದು ಪ್ರೀತಿಯಿಂದಲೇ ಬುದ್ಧಿ ಹೇಳಿದ್ದ. ಆದೆಪ್ಪ ಸಿಂಧನೂರಿನ ಡಾಕ್ಟರ ಬಾಗಿಲ ತನಕ ಹೋಗಿ, ಬಸ್ಸು ಹೋಗಿಬಿಡುತ್ತದೆಂದು ನೆಪ ಹೇಳಿ ಓಡಿ ಬಂದಿದ್ದು ನಿಜ. ಆದರೆ ಅದು ಗೊತ್ತಿದ್ದುದು ಹೆಂಡತಿಯೊಬ್ಬಳಿಗೆ.

“ಊರಿಗೆಲ್ಲ ಹೇಳಿಯೇನಬೇ?” ಎಂದು ಕೇಳಿದ.

ಶೇಖರಮ್ಮ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮಸ್ಕಿಯ ತಂಗಿಗೆ ಕಾಗದದಲ್ಲಿ ಬರೆದಿದ್ದಳು, ಅಷ್ಟೆ. ಆ ಮಾತು ಬಾಯಿಗೆ ಬರುತ್ತಿದ್ದಂತೆ ಅವಳು ಸೌಟು ಹಿಡಿದವಳು ಹಾಗೇ ಕೂತುಬಿಟ್ಟಳು. ತಂಗಿಗೆ ಬರೆದದ್ದು ಗುಮಾಸ್ತನಿಗೆ ಹೇಗೆ ಗೊತ್ತಾಯಿತು? ಆ ತಿಂಗಳುಗಳಲ್ಲಿ ತಂಗಿಗೆ ಬರೆದದ್ದೆಲ್ಲ ಒಂದೊಂದಾಗಿ ನೆನಪಾಯಿತು. ಅತ್ತೆಯ ಮೇಲಿನ ಬೇಸರ ಬರೆದಿದ್ದಳು. ಎರಡು ವರ್ಷದ ಹಿಂದೆ ಹುಟ್ಟಿ ಹನ್ನೊಂದನೆಯ ದಿನಕ್ಕೆ ತೀರಿಕೊಂಡ ಕೂಸಿನ ಬಗ್ಗೆ, ಗಂಡನ ಮುಂದೆಯೂ ಆಡದ ಮಾತುಗಳನ್ನು ಬರೆದಿದ್ದಳು. ಪತ್ರಿಕೆಯ ಸುದ್ದಿ ಓದಿದ್ದರೆ ಅವಳಿಗೆ ಇಷ್ಟು ಅನ್ನಿಸುತ್ತಿರಲಿಲ್ಲ. ಇದು ಬೇರೆ. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಆದೆಪ್ಪ ತನ್ನ ಸಿಟ್ಟು ಮರೆತು ತಾಟು ಹತ್ತಿರಕ್ಕೆ ಎಳೆದುಕೊಂಡ.

ಮರುದಿನ ಅಂಚೆಗೆ ಹಾಕದೆ ಬಸ್ಸಿನ ಡ್ರೈವರನ ಕೈಯಲ್ಲಿ ಚೀಟಿ ಕೊಟ್ಟು ಅಮರಗುಂಡಪ್ಪನನ್ನು ಮಸ್ಕಿಗೆ ಕರೆಸಿದರು. ಗಂಡಹೆಂಡತಿ ಇಬ್ಬರೂ ಜಂಬಮ್ಮನ ಮನೆಗೆ ಹೋದರು. ಅಮರಗುಂಡಪ್ಪ ಶೇಖರಮ್ಮನಿಂದ ಬಂದ ಲಕೋಟೆಗಳನ್ನೆಲ್ಲ ಕಟ್ಟಿಕೊಂಡು ಬಂದಿದ್ದ. ಶೇಖರಮ್ಮ ಲಕೋಟೆಗೆ ಹಚ್ಚುತ್ತಿದ್ದುದು ಜಾಲಿಯ ಅಂಟು. ಇವುಗಳ ಮೇಲೆ ಗೋಧಿಹಿಟ್ಟಿನ ಅಂಟು ಒಣಗಿತ್ತು.

“ಅಕ್ಕಾರ, ನಿಮ್ಮ ಕಾಗದಕ್ಕ ಇರವಿ ಮುಕರತಾವು. ಸುದ್ದಿ ಜೋಡಿ ಬೆಲ್ಲಾ ಕಳಿಸ್ತಾರೇನು ಅಂತ ಕೇಳೋನಿದ್ದೆ,” ಎಂದ ಅಮರಗುಂಡಪ್ಪ.

ಜಂಬಮ್ಮನ ಬಳಿಯಿದ್ದ ಕಾಗದಗಳಿಗೂ ಅದೇ ಹಿಟ್ಟು. ಇದನ್ನೇ ಈ ವಾರ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತೇನೆಂದು ಅಮರಗುಂಡಪ್ಪ ಎದ್ದು ನಿಂತ. ಶೇಖರಮ್ಮ ಅವನನ್ನು ಕೂರಿಸಿದಳು. ಹಿಟ್ಟು ಅಂಟಿದ್ದನ್ನು ತೋರಿಸಿದರೆ ಅವರು ದಾರಿಯಲ್ಲಿ ಬಿಚ್ಚಿಹೋಗಿತ್ತು, ನಾವೇ ಉಪಕಾರಕ್ಕೆ ಹಚ್ಚಿದೆವು ಎನ್ನುತ್ತಾರೆ. ಮೊದಲು ವಕೀಲರನ್ನು ಕೇಳಬೇಕು ಎಂದಳು.

ವಕೀಲ ರಹಮಾನಸಾಬರು ಲಿಂಗಸೂಗೂರಿನಲ್ಲಿ ಮೂವತ್ತು ವರ್ಷದಿಂದ ವಕಾಲತ್ತು ನಡೆಸಿದವರು. ಕಾನೂನು ಓದಿದ್ದು ಉರ್ದುವಿನಲ್ಲಿ. ಹೊಸ ಸಂವಿಧಾನ ಬಂದ ಮೇಲೆ ಅರವತ್ತನೆಯ ವಯಸ್ಸಿನಲ್ಲಿ ನಿಘಂಟು ಪಕ್ಕಕ್ಕಿಟ್ಟುಕೊಂಡು ಅದನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದರು. ತಮ್ಮ ಮನೆಗೆ ಬಂದ ಇವರಿಂದ ಎಲ್ಲವನ್ನೂ ಕೇಳಿಸಿಕೊಂಡು, ಒಬ್ಬರ ಕಾಗದ ಒಡೆಯಬೇಕಾದರೆ ಇಂಥ ಕಾರಣಕ್ಕೆಂದು ಸರ್ಕಾರದ ಲಿಖಿತ ಹುಕುಂ ಇರಬೇಕು, ಕ್ಯಾಂಪಿನ ಸಾಹೇಬರ ಬಾಯಿಮಾತು ಸಾಲದು ಎಂದರು. ನಂತರ ಕನ್ನಡಕ ತೆಗೆದಿಟ್ಟು ಹೇಳಿದರು:

“ಒಡದಾರಂತ ನಿಮಗ ಗೊತ್ತು, ನನಗ ಗೊತ್ತು. ನ್ಯಾಯಾಧೀಶರಿಗೆ ಗೊತ್ತಾಗಬೇಕಲ್ರಿ ಅಮ್ಮಾರ. ಅವರು ಓದಿದ್ದು ಅವರ ಬಾಯಿಂದನ ಬರೂವಂಗ ಮಾಡೋಣು.”

ಉಪಾಯ ಶೇಖರಮ್ಮನದು. ಅವಳು ಅಲ್ಲೇ ಕೂತು ಅಮರಗುಂಡಪ್ಪನ ಹೆಸರಿಗೆ ಒಂದು ಕಾಗದ ಬರೆದಳು. ಕಲ್ಲಿನ ಸುದ್ದಿ ಕೊಟ್ಟ ಗೆಳೆಯರು ಬರುವ ಗುರುವಾರ ಮುಂಜಾನೆ ಹತ್ತು ಗಂಟೆಗೆ ಮಸ್ಕಿಯ ಗುಡ್ಡದ ಬುಡದಲ್ಲಿ, ಅಶೋಕನ ಶಾಸನದ ಬಂಡೆಗೆ ಹೋಗುವ ದಾರಿಯಲ್ಲಿ ಸಿಗುತ್ತಾರೆ. ಗುರುತಿಗೆ ಕೈಯಲ್ಲಿ ಹಸಿರು ಬಟ್ಟೆಯ ಛತ್ರಿ, ಪಕ್ಕದಲ್ಲಿ ಬದನೆಕಾಯಿ ಬುಟ್ಟಿ. ಬುಟ್ಟಿಯ ತಳದಲ್ಲಿ ಇನ್ನಷ್ಟು ಕಾಗದಪತ್ರ ಇರುತ್ತವೆ. ಇಷ್ಟು ಬರೆದು, ಅದರ ನಕಲು ಮಾಡಿ, ವಾಪಸ್ ಬರುವಾಗ ಮಸ್ಕಿಯ ಶಾಲೆಯ ಹೆಡ್ಮಾಸ್ತರರಿಂದಲೂ ಒಬ್ಬ ಡಾಕ್ಟರರಿಂದಲೂ ನಕಲಿನ ಮೇಲೆ ತಾರೀಖು ಹಾಕಿಸಿ ಸಹಿ ಮಾಡಿಸಿದರು. ಸಾಲಗುಂದಕ್ಕೆ ಮರಳಿ ಮೂಲ ಕಾಗದವನ್ನು ಕ್ಯಾಂಪಿನ ಅಂಚೆ ಪೆಟ್ಟಿಗೆಗೆ ಹಾಕಿದಳು. ಈ ಸಲ ಜಾಲಿಯ ಅಂಟನ್ನು ಸ್ವಲ್ಪ ದಪ್ಪಗೇ ಹಚ್ಚಿದ್ದಳು.

ಛತ್ರಿ ಹಿಡಿದು ಕೂರುವುದು ಯಾರು ಎಂಬ ಪ್ರಶ್ನೆ ಬಂದಾಗ ಆದೆಪ್ಪ ತಾನೇ ಎಂದ. ಪೋಲೀಸರು ಬಂದರೇನು ಮಾಡುತ್ತೀರಿ ಎಂದು ಜಂಬಮ್ಮ ಕೇಳಿದಳು. ಪೋಲೀಸರು ಹಲ್ಲು ಕೀಳುವುದಿಲ್ಲವಲ್ಲ ಎಂದ ಆದೆಪ್ಪ.

ಗುರುವಾರ ಹೆಡ್ಮಾಸ್ತರರು, ಡಾಕ್ಟರು, ವಕೀಲರು, ಅಮರಗುಂಡಪ್ಪ ಒಂಬತ್ತು ಗಂಟೆಗೇ ಗುಡ್ಡದ ಬುಡಕ್ಕೆ ಬಂದು, ಬೇವಿನ ಮರದ ನೆರಳಿನಲ್ಲಿ ಜಮಖಾನ ಹಾಸಿ, ಜಂಬಮ್ಮ ಕಟ್ಟಿಕೊಟ್ಟಿದ್ದ ಉಪ್ಪಿಟ್ಟಿನ ಗಂಟು ಬಿಚ್ಚಿದರು. ದೂರದಿಂದ ನೋಡಿದವರಿಗೆ ಯಾರೋ ಶಾಸನ ನೋಡಲು ಬಂದ ಊರ ಹಿರಿಯರು ಎನ್ನಿಸುವಂತಿತ್ತು. ಶೇಖರಮ್ಮನೂ ಜಂಬಮ್ಮನೂ ಸ್ವಲ್ಪ ಆಚೆ ಕೂತರು. ಆದೆಪ್ಪ ದಾರಿಯ ಪಕ್ಕದ ಕಲ್ಲಿನ ಮೇಲೆ, ಬಿಸಿಲಿನಲ್ಲಿ, ಹಸಿರು ಛತ್ರಿ ಹಿಡಿದು ಮದುಮಗನ ಹಾಗೆ ಕೂತ.

ಹತ್ತಕ್ಕೆ ಐದು ನಿಮಿಷ ಇರುವಾಗ ಕ್ಯಾಂಪಿನ ಜೀಪು ಧೂಳೆಬ್ಬಿಸುತ್ತ ಬಂತು. ವಿಠೋಬರಾಯನೂ ಇಬ್ಬರು ಜವಾನರೂ ಇಳಿದರು. ಹಿಂದಿನ ಸೀಟಿನಿಂದ ಸ್ಪೆಷಲ್ ಸಾಹೇಬರೂ ಇಳಿದರು. ಅವರು ಬರುತ್ತಾರೆಂದು ವಕೀಲರೂ ಎಣಿಸಿರಲಿಲ್ಲ. ಸಂತೋಷಕ್ಕೆ ವಕೀಲರ ಕೈಯ ಉಪ್ಪಿಟ್ಟು ಜಮಖಾನದ ಮೇಲೆ ಬಿತ್ತು. ಛತ್ರಿಯ ಕೆಳಗೆ ಆದೆಪ್ಪನ ಮುಖ ಕಂಡು ವಿಠೋಬರಾಯ ಎರಡು ಹೆಜ್ಜೆ ಹಿಂದೆ ಸರಿದ. ಸಾಹೇಬರಿಗೆ ಆದೆಪ್ಪನ ಪರಿಚಯ ಇರಲಿಲ್ಲ. ಬುಟ್ಟಿ ಸುರಿಯಿರಿ ಎಂದು ಜವಾನರಿಗೆ ಅಪ್ಪಣೆ ಕೊಟ್ಟರು. ಬದನೆಕಾಯಿಗಳು ಇಳಿಜಾರಿನಲ್ಲಿ ಉರುಳಿದವು. ತಳದಲ್ಲಿ ಖಾಲಿ ಗೋಣಿತಟ್ಟು ಬಿಟ್ಟರೆ ಏನೂ ಇರಲಿಲ್ಲ.

ಅಷ್ಟರಲ್ಲಿ ರಹಮಾನಸಾಬರು ಹತ್ತಿರ ಬಂದು ಸಲಾಂ ಮಾಡಿ, ಈ ಬುಟ್ಟಿಯಲ್ಲಿ ಹುಜೂರರು ಏನು ಹುಡುಕುತ್ತಿದ್ದಾರೆ ಎಂದು ಕೇಳಿದರು. ಕಾಗದಪತ್ರ ಎಂದರು ಸಾಹೇಬರು. ಬದನೆಕಾಯಿ ಬುಟ್ಟಿಯಲ್ಲಿ ಕಾಗದಪತ್ರ ಇರುತ್ತದೆಂದು ಹೇಳಿದವರು ಯಾರು ಎಂದು ವಕೀಲರು ಇನ್ನೂ ವಿನಯದಿಂದ ಕೇಳಿದರು. ಸಾಹೇಬರು ಟೋಪಿ ಸರಿಮಾಡಿಕೊಂಡರು. ಆದರೆ ಗಾಬರಿಯಾಗಿದ್ದ ಒಬ್ಬ ಜವಾನ, ಬುಟ್ಟಿಯನ್ನು ಮತ್ತೊಮ್ಮೆ ಕೊಡವುತ್ತ ವಿಠೋಬರಾಯನ ಕಡೆ ತಿರುಗಿ ಹೇಳಿದ:

“ರಾಯರ, ತಳದಾಗ ಇರ್ತಾವಂತ ಅಮ್ಮಾರ ಕಾಗದದಾಗ ಬರದಿತ್ತಂತ ನೀವ ಓದಿ ಹೇಳಿದ್ರಲ್ರಿ.”

ವಕೀಲರು ಹೆಡ್ಮಾಸ್ತರರ ಕಡೆ ನೋಡಿದರು. ಅವರು ಆ ಮಾತನ್ನು ಅಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು. ಡಾಕ್ಟರು ತಾವು ಸಹಿ ಮಾಡಿದ್ದ ನಕಲನ್ನು ಜೇಬಿನಿಂದ ತೆಗೆದು ಗಟ್ಟಿಯಾಗಿ ಓದಿದರು. ಸ್ಪೆಷಲ್ ಸಾಹೇಬರು ಜೀಪು ಹತ್ತಿದರು. ಜಂಬಮ್ಮ ಬದನೆಕಾಯಿಗಳನ್ನು ಆರಿಸಿಕೊಂಡು ಮನೆಗೆ ಒಯ್ದಳು. ಮಧ್ಯಾಹ್ನ ಎಲ್ಲರಿಗೂ ಎಣ್ಣೆಗಾಯಿ, ಸಜ್ಜಿರೊಟ್ಟಿ.

ಸರ್ಕಾರದ ಮೇಲೆ ದಾವೆ ಹಾಕುವುದಕ್ಕೆ ಎರಡು ತಿಂಗಳು ಮುಂಚೆ ನೋಟಿಸು ಕೊಡಬೇಕಿತ್ತು. ನೋಟಿಸನ್ನು ಕ್ಯಾಂಪಿನ ಪೆಟ್ಟಿಗೆಗೇ ಹಾಕಿದರೆ ಬೇಗ ಓದಿಸಿಕೊಳ್ಳುತ್ತದೆ ಎಂದ ಅಮರಗುಂಡಪ್ಪ. ವಕೀಲರು ನಕ್ಕು, ಲಿಂಗಸೂಗೂರಿನಿಂದ ರಿಜಿಸ್ಟರ್ ಮಾಡಿಸಿದರು. ಏನು ಪರಿಹಾರ ಕೇಳೋಣ ಎಂದಾಗ ಶೇಖರಮ್ಮ ರೊಕ್ಕ ಬೇಡ ಎಂದಳು. ನಕಲು ಮಾಡಿದ ಕಾಗದಗಳೆಲ್ಲ ವಾಪಸ್ ಬರಬೇಕು. ತಪ್ಪಾಯಿತೆಂದು ಸರ್ಕಾರವೇ ಬರೆದು ಕೊಡಬೇಕು. ಸಾಹೇಬರು ತಾವಾಗಿ ಬಂದು ಕೈಮುಗಿದರೆ ಸಾಲದೇ ಎಂದು ಊರ ಹಿರಿಯರು ಕೇಳಿದರು. ಸಾಹೇಬರು ಇವತ್ತು ಇರುತ್ತಾರೆ, ನಾಳೆ ಹೋಗುತ್ತಾರೆ. ಕುರ್ಚಿ ಸರ್ಕಾರದ್ದು, ಅದೇ ಉತ್ತರ ಹೇಳಲಿ ಎಂದಳು.

ಮಳೆಗಾಲದಲ್ಲಿ ಲಿಂಗಸೂಗೂರಿನ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ರಹಮಾನಸಾಬರು ಉರ್ದುವಿನಲ್ಲಿ ವಾದಿಸಿದರು, ಸರ್ಕಾರದ ವಕೀಲರು ಇಂಗ್ಲಿಷಿನಲ್ಲಿ, ಸಾಕ್ಷಿಗಳೆಲ್ಲ ಕನ್ನಡದಲ್ಲಿ. ತರುಣ ನ್ಯಾಯಾಧೀಶರು ಮೂರನ್ನೂ ತಾಳ್ಮೆಯಿಂದ ಕೇಳಿದರು. ಪತ್ರಿಕೆಯ ಹೆಸರೇ ಎಡದಂಡೆ, ಆದ್ದರಿಂದ ರಾಜ್ಯದ ಭದ್ರತೆಗಾಗಿ ಕಣ್ಣಿಡಬೇಕಾಯಿತು ಎಂದು ಸರ್ಕಾರದ ವಕೀಲರು ಹೇಳಿದಾಗ, ಸರ್ಕಾರ ತಾನೇ ತೋಡುತ್ತಿರುವ ಕಾಲುವೆಗೆ ಇಟ್ಟ ಹೆಸರು ಏನು ಎಂದು ನ್ಯಾಯಾಧೀಶರು ಕೇಳಿದರು. ಕೂತವರು ನಕ್ಕರು.

ವಿಠೋಬರಾಯ ಸಾಕ್ಷಿಕಟ್ಟೆ ಹತ್ತಿ ಸುಳ್ಳು ಹೇಳಲಿಲ್ಲ. ಸಾಹೇಬರು ಬಾಯಲ್ಲಿ ಹೇಳಿದರು, ತಾನು ನೀರಿನ ಹಬೆ ಹಿಡಿದು ಒಡೆದು ನಕಲು ಮಾಡಿದೆ, ಲಿಖಿತ ಹುಕುಂ ಯಾವುದೂ ಇರಲಿಲ್ಲ ಎಂದ. ಇಪ್ಪತ್ತಮೂರು ಕಾಗದಗಳ ನಕಲಿದ್ದ ಫೈಲು ಮೇಜಿನ ಮೇಲೆ ಬಂತು. ಅಪಾಯಕಾರಿ ಸಂಗತಿಗಳಿವೆ, ಓದಿ ತೋರಿಸುತ್ತೇನೆ ಎಂದು ಸರ್ಕಾರದ ವಕೀಲರು ಫೈಲಿಗೆ ಕೈಹಾಕಿದರು. ಮೇಲಿನ ಹಾಳೆ ಜಂಬಮ್ಮನಿಗೆ ಬರೆದದ್ದು. ಶೇಖರಮ್ಮ ಕೂತಲ್ಲಿಂದ ಎದ್ದಳು. ನ್ಯಾಯಾಧೀಶರ ಕಡೆ ತಿರುಗಿ ಹೇಳಿದಳು:

“ಸಾಹೇಬರ, ಪತ್ರಿಕೆಗೆ ಬರದದ್ದನ್ನ ಬೇಕಾದಷ್ಟು ಸಲ ಓದ್ರಿ, ಅದು ಎಲ್ಲಾರಿಗೂ ಬರದದ್ದು. ತಂಗಿಗೆ ಬರದದ್ದು ತಂಗಿಗಷ್ಟ ಬರದದ್ದು. ಅದನ್ನ ಕದ್ದು ಓದ್ಯಾರಂತನ ನಾ ಇಲ್ಲಿಗೆ ಬಂದೀನಿ. ಇಲ್ಲೂ ಓದಿದ್ರ ಮತ್ತೆಲ್ಲಿಗೆ ಹೋಗ್ಲಿ?”

ನ್ಯಾಯಾಧೀಶರು ಫೈಲನ್ನು ತಮ್ಮತ್ತ ತರಿಸಿಕೊಂಡು ತೆರೆಯದೆ ದಾರ ಕಟ್ಟಿ, ಅರಗಿನ ಮುದ್ರೆ ಹಾಕಿಸಿದರು. ಸರ್ಕಾರದ ವಕೀಲರು ಕೊನೆಯದಾಗಿ, ಕಲ್ಲಿನ ಸುದ್ದಿ ಕೊಟ್ಟ ಆ ಗೆಳೆಯ ಯಾರೆಂದಾದರೂ ಹೇಳಿ ಎಂದರು. ಬಾಗಿಲ ಹತ್ತಿರ ನಿಂತಿದ್ದ ಗಿಡ್ಡಪ್ಪ ಒಂದು ಹೆಜ್ಜೆ ಮುಂದಿಟ್ಟ. ಶೇಖರಮ್ಮ ಅವನ ಕಡೆ ನೋಡಲೂ ಇಲ್ಲ.

“ಅದನ್ನ ಹೇಳೂದಿದ್ರ ಈ ದಾವೆನ ಬೇಕಿರಲಿಲ್ರಿ,” ಎಂದು ಕೂತಳು. ಆ ಪ್ರಶ್ನೆ ಈ ದಾವೆಗೆ ಬೇಕಿಲ್ಲವೆಂದು ನ್ಯಾಯಾಧೀಶರು ಬರೆಸಿದರು. ಗಿಡ್ಡಪ್ಪ ಮರುದಿನ ಎಂದಿನಂತೆ ಸರಪಳಿ ಹಿಡಿಯಲು ಹೋದ.

ದೀಪಾವಳಿಗೆ ಮುಂಚೆ ತೀರ್ಪು ಬಂತು. ಹುಕುಂ ಇಲ್ಲದೆ ಕಾಗದ ಒಡೆದದ್ದು ಕಾನೂನಿಗೆ ವಿರುದ್ಧ. ಪತ್ರಿಕೆಗೆ ಬರೆಯುವವರನ್ನು ಹೆದರಿಸಲು ಹಾಗೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಅಧಿಕಾರಿ ಮಾಡಿದ್ದಕ್ಕೆ ಸರ್ಕಾರವೇ ಹೊಣೆ. ನಕಲುಗಳನ್ನು ಮುದ್ರೆ ಸಮೇತ ಆಕೆಗೆ ಕೊಡಬೇಕು, ತಪ್ಪೊಪ್ಪಿಗೆ ಬರೆದು ಕಳಿಸಬೇಕು. ತೀರ್ಪನ್ನು ಅಮರಗುಂಡಪ್ಪ ಪೂರ್ತಿ ಅಚ್ಚು ಹಾಕಿದ. ‘ಸರ್ಕಾರ’ ಎಂಬ ಪದ ಅಷ್ಟು ಸಲ ಬಂದದ್ದರಿಂದ ‘ಸ’ ಅಕ್ಷರದ ಅಚ್ಚುಮೊಳೆಗಳು ತೀರಿಹೋಗಿ, ಕೊನೆಯ ಕಾಲಂ ನಿಂತುಬಿಟ್ಟಿತು. ರಾಯಚೂರಿನ ಮುದ್ರಣಾಲಯದಿಂದ ಮೊಳೆ ಕಡ ತಂದು ಪತ್ರಿಕೆ ಒಂದು ದಿನ ತಡವಾಗಿ ಹೊರಬಂತು.

ಸರ್ಕಾರದ ತಪ್ಪೊಪ್ಪಿಗೆ ಮೂರು ಸಾಲಿನದು. ಅದನ್ನು ಬರೆದವರಿಗೆ ಇಷ್ಟವಿರಲಿಲ್ಲವೆಂದು ಪ್ರತಿ ಸಾಲಿನಲ್ಲೂ ಕಾಣುತ್ತಿತ್ತು. ಶೇಖರಮ್ಮ ಅದನ್ನು ಎರಡು ಸಲ ಓದಿ ಪೆಟ್ಟಿಗೆಯಲ್ಲಿಟ್ಟಳು. ಸ್ಪೆಷಲ್ ಸಾಹೇಬರಿಗೆ ವರ್ಗವಾಯಿತು. ಅಂಚೆಯ ಕೆಲಸಕ್ಕೆ ಅಂಚೆ ಇಲಾಖೆಯವರೇ ಬೇರೆ ಮನುಷ್ಯನನ್ನು ಹಾಕಿದರು. ವಿಠೋಬರಾಯ ಒಂದು ದಿನ ಸಾಲಗುಂದಕ್ಕೆ ಬಂದು, ತಲೆ ತಗ್ಗಿಸಿ, ನೌಕರಿಯ ಹೆದರಿಕೆಗೆ ಮಾಡಿಬಿಟ್ಟೆ ಎಂದ. ಶೇಖರಮ್ಮ ಬಾಯಿಗೆ ಬಂದಷ್ಟು ಬೈದಳು. ಬೈದು ಮುಗಿಸಿ, ಬಿಸಿಲಲ್ಲಿ ಬಂದಿದ್ದಾನೆಂದು ಮಜ್ಜಿಗೆ ಕೊಟ್ಟಳು. ನಕಲುಗಳ ಕಟ್ಟನ್ನು ಅವಳು ಬಿಚ್ಚದೆ ಜಂಬಮ್ಮನಿಗೆ ಒಯ್ದು ಕೊಟ್ಟಳು. ಜಂಬಮ್ಮ ಎಲ್ಲವನ್ನೂ ಓದಿ, ನಿನ್ನ ಅಕ್ಷರಕ್ಕಿಂತ ಆ ಗುಮಾಸ್ತನ ಅಕ್ಷರವೇ ಚೆಂದ ಇದೆ, ಈ ಸಲ ಅರ್ಥವಾಯಿತು ಎಂದಳು.

ಮರುವರ್ಷ ಬೇಸಿಗೆಯಲ್ಲಿ ಶೇಖರಮ್ಮ ಸಿಂಧನೂರಿನ ಬಸ್ಸಿನ ಬಗ್ಗೆ ಬರೆದಳು. ಅದು ಒಂದು ದಿನವೂ ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ, ಹೆಂಗಸರು ಮಕ್ಕಳು ಬಿಸಿಲಿನಲ್ಲಿ ಕಾಯಬೇಕು ಎಂದು. ಮುಂದಿನ ಶುಕ್ರವಾರ ಪತ್ರಿಕೆ ಬಿಚ್ಚಿದರೆ ಮೂರನೆಯ ಪುಟದಲ್ಲಿ ಓದುಗರೊಬ್ಬರ ಪತ್ರ. ಬಸ್ಸು ತಡವಾಗುವುದು ನಿಜವಾದರೂ ಅದಕ್ಕೆ ಕಾರಣ ಡ್ರೈವರನಲ್ಲ, ಸಾಲಗುಂದದ ವರದಿಗಾರರಂಥವರು ಮನೆಯಿಂದ ಹೊರಡುವ ಮುಂಚೆ ಮೂರು ಸಲ ಒಳಗೆ ಹೋಗಿ ಬರುತ್ತಾರೆ, ಪಾಪ ಅವನು ಅವರಿಗಾಗಿ ಕಾಯುತ್ತಾನೆ ಎಂದು ಅದರಲ್ಲಿತ್ತು. ಕೆಳಗೆ ಹೆಸರು: ಆದೆಪ್ಪ, ಕಾಳಿನ ವ್ಯಾಪಾರಿ.

ಅವನು ಯಾವಾಗ ಬರೆದ, ಯಾವಾಗ ಅಂಚೆಗೆ ಹಾಕಿದ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಪತ್ರಿಕೆ ಹಿಡಿದುಕೊಂಡು ಅಂಗಡಿಗೆ ಹೋದಳು. ಆದೆಪ್ಪ ತಕ್ಕಡಿಯ ಕಡೆಯೇ ನೋಡುತ್ತ ಕೂತಿದ್ದ. ಅಂಗಡಿಯ ಮುಂದಿದ್ದವರಿಗೆಲ್ಲ ಕೇಳುವಂತೆ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಓದುತ್ತ ಓದುತ್ತ ಅವಳಿಗೇ ನಗು ತಡೆಯಲಾಗಲಿಲ್ಲ. ನಂತರ ಮನೆಗೆ ಬಂದು, ಸೋಮವಾರಕ್ಕೆ ಇನ್ನೂ ಮೂರು ದಿನ ಇದ್ದರೂ, ಮಣೆ ಎಳೆದುಕೊಂಡು ಉತ್ತರ ಬರೆಯಲು ಕೂತಳು.